ನೀರಿನ ಗಂಟೆ ಹೊಡೆಯುವ ಮುನ್ನ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಶನಿವಾರ ಕೈಸೇರಿತು. ಫೋನಿನಲ್ಲಿ ಎರಡು ಮಾತಿಗೆ ಮುಗಿಸಬಹುದಾಗಿದ್ದನ್ನು ಕೂತು ಬರೆದಿದ್ದೀಯಲ್ಲ, ಅದಕ್ಕೇ ನಾನೂ ಕೂತು ಬರೆಯುತ್ತಿದ್ದೇನೆ. ಹೊಸ ಊರು, ಹೊಸ ಶಾಲೆ, ಬಾಡಿಗೆ ಮನೆ, ಪಾವಗಡದ ಬಿಸಿಲು, ಇಷ್ಟರ ನಡುವೆಯೂ ನೀನು ಬರೆದಿರುವುದೆಲ್ಲ ಮಕ್ಕಳ ವಿಷಯವೇ. ರಾತ್ರಿ ಊಟಕ್ಕೆ ಏನು ಮಾಡಿಕೊಳ್ಳುತ್ತೀ ಅಂತ ಒಂದು ಸಾಲೂ ಇಲ್ಲ. ಅದನ್ನು ಮುಂದಿನ ಕಾಗದದಲ್ಲಾದರೂ ಬರಿ.

ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಮಕ್ಕಳು ಬಾಡಿ ಹೋಗುತ್ತವೆ, ತಲೆನೋವು ಅಂತ ಡೆಸ್ಕಿನ ಮೇಲೆ ತಲೆ ಇಟ್ಟುಬಿಡುತ್ತವೆ, ಮನೆಯಿಂದ ತಂದ ಬಾಟಲಿ ಸಂಜೆ ತುಂಬಿದ್ದು ತುಂಬಿದ ಹಾಗೇ ವಾಪಸು ಹೋಗುತ್ತದೆ, "ನೀರು ಕುಡೀರ್ರೋ" ಅಂತ ದಿನಾ ಹೇಳಿ ಗಂಟಲು ಹೋಗಿದೆ, ಏನು ಮಾಡಲಿ ಅಂತ ಕೇಳಿದ್ದೀಯ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಯಿತು. ಇನ್ನು ಏಪ್ರಿಲ್ ರಜೆ ಬರುವವರೆಗೆ ಬಿಸಿಲಿನದೇ ದರ್ಬಾರು. ನಿನ್ನದು ಬಿಸಿಲಿನಿಂದಲೇ 2,050 ಮೆಗಾವಾಟ್ ವಿದ್ಯುತ್ ತೆಗೆಯಲು ಸೋಲಾರ್ ಪಾರ್ಕ್ ಕಟ್ಟಿದ ತಾಲ್ಲೂಕು. ಅಲ್ಲಿ ಮಾರ್ಚ್ ಅಂದರೆ ಏನೆಂದು ನಾನು ಹೇಳಬೇಕಿಲ್ಲ.

ನನ್ನ ಮೊದಲ ಮಾತು ಇಷ್ಟೇ: ಕುಡೀರಿ ಅಂತ ಹೇಳುವುದನ್ನು ಒಂದು ವಾರ ನಿಲ್ಲಿಸು. ಸುಮ್ಮನೆ ನೋಡು. ಯಾರು ಯಾವಾಗ ಕುಡಿಯುತ್ತಾರೆ, ಯಾರು ಇಡೀ ದಿನ ನಲ್ಲಿಯ ಕಡೆ ತಲೆ ಹಾಕುವುದಿಲ್ಲ, ಯಾರು ಬಾಯಿ ಮುಕ್ಕಳಿಸಿ ಉಗುಳಿ ಬರುತ್ತಾರೆ, ಎಲ್ಲ ನೋಡು. ಮಕ್ಕಳಿಗೆ ನೀರು ನೆನಪಾಗುವುದಿಲ್ಲ ಅಂತ ದೊಡ್ಡವರೆಲ್ಲ ತಿಳಿದುಕೊಂಡಿದ್ದಾರೆ. ನಲಿ-ಕಲಿ ತರಗತಿಯ ಚಿಕ್ಕವು ಆಟದ ಗುಂಗಿನಲ್ಲಿ ಮರೆಯುವುದುಂಟು, ನಿಜ. ಆದರೆ ನಾಲ್ಕನೇ ತರಗತಿ ದಾಟಿದ ಮೇಲೆ ಎಷ್ಟೋ ಮಕ್ಕಳು ಬೇಕೆಂದೇ ಕುಡಿಯುವುದಿಲ್ಲ ಪುಟ್ಟಿ. ಲೆಕ್ಕ ಹಾಕಿ ಕುಡಿಯುವುದಿಲ್ಲ. ಕುಡಿದರೆ ಒಂದಕ್ಕೆ ಹೋಗಬೇಕಾಗುತ್ತದೆ. ಹೋಗಲು ಜಾಗ ಸರಿಯಿಲ್ಲ, ಇಲ್ಲವೆ ಹೋಗಲು ಬಿಡುವುದಿಲ್ಲ, ಇಲ್ಲವೆ ಕೇಳಲು ನಾಚಿಕೆ. ನೀನು ನೀರಿನ ಸಮಸ್ಯೆ ಅಂತ ಬರೆದಿರುವುದು ಶುರುವಾಗುವುದೇ ಶೌಚಾಲಯದ ಬಾಗಿಲಿನಿಂದ.

ನಾನಿದ್ದ ಒಂದು ಶಾಲೆಯಲ್ಲಿ ಏಳನೇ ತರಗತಿಯ ಹುಡುಗಿಯರು ಯಾವಾಗಲೂ ಜೋಡಿಯಾಗಿಯೇ ಆ ಕಡೆ ಹೋಗುತ್ತಿದ್ದರು. ಚಿಲಕ ಕಿತ್ತುಹೋಗಿ ಆ ಜಾಗದಲ್ಲಿ ಎರಡು ತೂತು ಉಳಿದಿದ್ದವು. ಹೊರಗೆ ನಿಂತವಳು ಬಾಗಿಲಿಗೆ ಬೆನ್ನು ಕೊಟ್ಟು, ಹಿಮ್ಮಡಿಯನ್ನು ಬಾಗಿಲ ಬುಡಕ್ಕೆ ಒತ್ತಿ ನಿಲ್ಲುತ್ತಿದ್ದಳು. ವೇಲಿನ ತುದಿಯನ್ನು ಸುರುಳಿ ಸುತ್ತಿ ಆ ತೂತುಗಳಿಗೆ ತುರುಕಿರುತ್ತಿದ್ದಳು. ಗಂಡುಹುಡುಗರು ಆ ಕಡೆ ಚೆಂಡು ಎಸೆದರೆ ಇಬ್ಬರಿಗೂ ಎದೆ ಧಸಕ್ಕೆನ್ನುತ್ತಿತ್ತು. ಒಳಗೆ ಬಕೆಟ್ಟು ಇರಲಿಲ್ಲ. ಹೋಗುವಾಗಲೇ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಹೋಗಬೇಕು, ಅಂದರೆ ಕುಡಿಯಲು ತಂದ ನೀರೇ ತೊಳೆಯುವುದಕ್ಕೂ. ಜೊತೆಗಾತಿ ರಜೆ ಹಾಕಿದ ದಿನ ಇವಳು ಬೆಳಗಿನಿಂದ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲಂತೂ ಕೇಳಲೇಬೇಡ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಒಂದು ಚಿಲಕ, ನಾಲ್ಕು ಸ್ಕ್ರೂ, ಒಂದು ಬಕೆಟ್ಟು, ಒಂದು ಮಗ್ಗು ಬಂದವು. ಆಮೇಲೆ ಬಿಸಿಯೂಟದ ಹೊತ್ತಿಗೆ ಆ ಹುಡುಗಿಯರು ಲೋಟ ತುಂಬಿಸಿಕೊಂಡು ಕೂರುವುದನ್ನು ನಾನು ಕಣ್ಣಾರೆ ಕಂಡೆ. ನೀರಿನ ಮಹತ್ವ ಅಂತ ಆ ವಾರ ಯಾರೂ ಭಾಷಣ ಮಾಡಿರಲಿಲ್ಲ.

ಇನ್ನು ಕೆಲವು ಕಡೆ ಶೌಚಾಲಯ ಚೆನ್ನಾಗಿಯೇ ಇರುತ್ತದೆ, ಟೈಲ್ಸ್ ಹಾಕಿರುತ್ತದೆ, ಆದರೆ ಬೀಗ ಜಡಿದಿರುತ್ತದೆ. ಮಕ್ಕಳು ಗಲೀಜು ಮಾಡುತ್ತವೆ ಅಂತ. ಕೀಲಿಕೈ ಸ್ಟಾಫ್ ರೂಮಿನ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಹತ್ತು ವರ್ಷದ ಹುಡುಗಿ ನಾಲ್ಕು ಜನ ಮೇಷ್ಟ್ರ ಮುಂದೆ ಹೋಗಿ ಆ ಕೀಲಿಕೈ ಕೇಳುತ್ತಾಳೆಯೇ? ಕೇಳುವುದಿಲ್ಲ. ಸಂಜೆ ನಾಲ್ಕೂವರೆಯವರೆಗೆ ಬಿಗಿಹಿಡಿದು ಕೂರುತ್ತಾಳೆ. ನಿನ್ನ ಶಾಲೆಯಲ್ಲಿ ಬೀಗವಿದ್ದರೆ ಮೊದಲು ಅದನ್ನು ತೆಗೆಸು. ಹೊಸಬಳು, ಹೇಗೆ ಹೇಳಲಿ ಅಂತ ಹಿಂಜರಿಯಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಸುರಕ್ಷಿತವಾದ, ಸಾಕಷ್ಟು ಕುಡಿಯುವ ನೀರು ಮತ್ತು ಗಂಡು-ಹೆಣ್ಣುಮಕ್ಕಳಿಗೆ ಬೇರೆಬೇರೆ ಶೌಚಾಲಯ ಇರಬೇಕು ಅಂತ ಬರೆದಿದೆ. 2012ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಆರು ತಿಂಗಳೊಳಗೆ ಶಾಲೆಗಳಲ್ಲಿ ಇವೆರಡನ್ನೂ ಒದಗಿಸಿ ಅಂತ ಆದೇಶ ಕೊಟ್ಟಿತು. ಸಮಗ್ರ ಶಿಕ್ಷಣದ ಶಾಲಾ ಅನುದಾನದಲ್ಲಿ ಕನಿಷ್ಠ ಹತ್ತರಲ್ಲೊಂದು ಪಾಲು ಸ್ವಚ್ಛತೆಗೇ ಖರ್ಚಾಗಬೇಕು ಅನ್ನುವ ನಿಯಮವೂ ಉಂಟು. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನು ಮೆತ್ತಗೆ, ಆದರೆ ದಾಖಲಾಗುವ ಹಾಗೆ ಹೇಳು. ನಡಾವಳಿ ಪುಸ್ತಕದಲ್ಲಿ ಬಂದದ್ದಕ್ಕೆ ತೂಕ ಹೆಚ್ಚು. ಸಭೆಗೆ ಬರುವ ತಾಯಂದಿರ ಜೊತೆ ಮೊದಲೇ ಮಾತಾಡಿಕೊಂಡಿರು. ಚಿಲಕದ ವಿಷಯ ಅವರಿಗೆ ಎರಡನೇ ಸಲ ವಿವರಿಸಬೇಕಾಗುವುದಿಲ್ಲ.

ಎರಡನೆಯದು, ನಿನ್ನ ಕೈಯಲ್ಲೇ ಇರುವಂಥದ್ದು. ಕಿರುಬೆರಳು ಎತ್ತಿದ ಮಗುವನ್ನು ತಡೆಯಬೇಡ. "ಈಗ ತಾನೇ ಬೆಲ್ ಆಯ್ತಲ್ಲ, ಪಿರಿಯಡ್ ಮುಗೀಲಿ" ಅನ್ನುವ ಮಾತು ನಮ್ಮ ಶಾಲೆಗಳಲ್ಲಿ ಹಾಜರಿ ಕೂಗುವಷ್ಟೇ ಸಲೀಸು. ಎಂಟು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದೇ ಸುಮಾರು 270 ಮಿಲಿ. ಸರಿಯಾಗಿ ನೀರು ಕುಡಿಯುವ ಮಗು ಎರಡು ಮೂರು ಗಂಟೆಗೊಮ್ಮೆ ಹೋಗಲೇಬೇಕು. ದಿನಕ್ಕೆ ನಾಲ್ಕರಿಂದ ಏಳು ಸಲ ಹೋಗುವುದು ಆರೋಗ್ಯದ ಲಕ್ಷಣ. ನೀರು ಕುಡಿ ಅಂತಲೂ ಹೇಳಿ, ಹೋಗಬೇಡ ಅಂತಲೂ ಹೇಳಿದರೆ ಮಗು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ, ಮತ್ತು ಅದು ಯಾವಾಗಲೂ ನೀರು ಬಿಡುವುದನ್ನೇ ಆರಿಸಿಕೊಳ್ಳುತ್ತದೆ.

ಹೀಗೆ ದಿನವೂ ತಡೆಹಿಡಿದು, ನೀರನ್ನೂ ಬಿಟ್ಟ ಮಕ್ಕಳಿಗೆ ಏನೇನಾಗುತ್ತದೆ ಅಂತ ನೀನು ಓದಿಕೊಂಡಿರಬೇಕು. ಉರಿಮೂತ್ರ, ಮೂತ್ರದ ಸೋಂಕು ಹೆಣ್ಣುಮಕ್ಕಳಲ್ಲಿ ಹೆಚ್ಚು. ಮಲಬದ್ಧತೆ ಎಲ್ಲರಲ್ಲೂ. ಆ ಮಲಬದ್ಧತೆಯ ಇನ್ನೊಂದು ಮುಖ ಹಲವು ಮೇಷ್ಟ್ರುಗಳಿಗೆ ಗೊತ್ತಿಲ್ಲ: ಗಟ್ಟಿಯಾಗಿ ತುಂಬಿಕೊಂಡ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುತ್ತದೆ, ಮಗು ತನಗೇ ತಿಳಿಯದ ಹಾಗೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತದೆ. ಅಂಥ ಮಗುವನ್ನು ಸೋಮಾರಿ, ಕೊಳಕ ಅಂತ ಬೈಯುವುದನ್ನು ಕೇಳಿದ್ದೇನೆ. ಅದಕ್ಕೆ ಬೇಕಾದದ್ದು ನೀರು, ನಾರಿನ ತರಕಾರಿ, ವೈದ್ಯರ ಒಂದು ಭೇಟಿ, ಮತ್ತು ಬೀರುವಿನಲ್ಲಿ ಎತ್ತಿಟ್ಟ ಒಂದು ಜೊತೆ ಒಣ ಬಟ್ಟೆ. ಆ ಬಟ್ಟೆಯನ್ನು ನೀನು ಈ ವಾರವೇ ತಂದಿಡು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಇದೆಯಲ್ಲ, ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ, ಅದೂ ಕೆಲವು ಮಕ್ಕಳಿಗೆ ಮಲ ಗಟ್ಟಿ ಮಾಡುತ್ತದೆ. ಮಾತ್ರೆ ಬಿಡಿಸಬೇಡ, ಆ ದಿನ ನೀರಿನ ಮೇಲೆ ಹೆಚ್ಚು ಗಮನವಿಡು.

ಎಷ್ಟು ಕುಡಿಯಬೇಕು ಅಂತ ಕೇಳಿದ್ದೀಯ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2004ರಲ್ಲಿ ಕೊಟ್ಟ ಲೆಕ್ಕದಲ್ಲಿ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ 1.7 ಲೀಟರ್, ಒಂಬತ್ತರಿಂದ ಹದಿಮೂರರ ಹುಡುಗಿಗೆ 2.1, ಅದೇ ವಯಸ್ಸಿನ ಹುಡುಗನಿಗೆ 2.4 ಲೀಟರ್. ಇದರಲ್ಲಿ ಅನ್ನ, ಸಾರು, ಮಜ್ಜಿಗೆ, ಹಣ್ಣು ಎಲ್ಲದರ ನೀರೂ ಸೇರಿದೆ. ಸುಮಾರು ಐದರಲ್ಲೊಂದು ಪಾಲು ಊಟದಿಂದಲೇ ಬರುತ್ತದೆ. ಬೆಳಗಿನ ಕ್ಷೀರಭಾಗ್ಯದ ಹಾಲು 150 ಮಿಲಿ. ಹಾಗೆ ಕಳೆಯುತ್ತಾ ಬಂದರೆ ಶಾಲೆಯಲ್ಲಿರುವ ಆರೇಳು ಗಂಟೆಯಲ್ಲಿ ಮೂರರಿಂದ ನಾಲ್ಕು ಲೋಟ ನೀರು ಒಳಗೆ ಹೋದರೆ ಸಾಕು. ಬಿಸಿಲು ಏರಿದ ದಿನ, ಆಟದ ಪಿರಿಯಡ್ ಇದ್ದ ದಿನ ಇನ್ನೊಂದು ಲೋಟ. ಇಷ್ಟು ಸಣ್ಣ ಲೆಕ್ಕ ಇದು. ದಿನಕ್ಕೆ ಎಂಟು ಲೋಟ, ಮೂರು ಲೀಟರ್ ಅಂತ ಗೋಡೆಯ ಮೇಲೆ ಬರೆದು ಮಕ್ಕಳನ್ನು ಹೆದರಿಸುವ ಅಗತ್ಯವಿಲ್ಲ.

ಬಾಯಾರಿಕೆ ಆದಾಗ ಕುಡಿಯುತ್ತವೆ ಬಿಡಿ ಅನ್ನುವವರೂ ಸಿಗುತ್ತಾರೆ. ದೇಹದ ತೂಕದ ನೂರಕ್ಕೆ ಒಂದೆರಡು ಪಾಲು ನೀರು ಕಡಿಮೆಯಾದ ಮೇಲೆಯೇ ಬಾಯಾರಿಕೆ ಚೆನ್ನಾಗಿ ಎಚ್ಚರವಾಗುವುದು. 25 ಕಿಲೋ ತೂಕದ ಮಗುವಿಗೆ ಅದು ಕಾಲು ಲೀಟರಿಗೂ ಮಿಗಿಲು. ಅಷ್ಟರೊಳಗೆ ಮೆದುಳು ವ್ಯಾಸೊಪ್ರೆಸಿನ್ ಅನ್ನುವ ಹಾರ್ಮೋನು ಬಿಟ್ಟು ಮೂತ್ರಪಿಂಡಗಳಿಗೆ ನೀರು ಉಳಿಸಿ ಅಂತ ಸೂಚನೆ ಕಳಿಸಿಯಾಗಿರುತ್ತದೆ. ಮೂತ್ರ ಗಾಢವಾಗುತ್ತದೆ, ಮಗು ಮಂಕಾಗುತ್ತದೆ. ನೀನು ಎರಡು ಗಂಟೆಯ ಗಣಿತದ ಪಿರಿಯಡ್‌ನಲ್ಲಿ ನೋಡುವ ಮುಖಗಳಲ್ಲಿ ಕೆಲವಾದರೂ ಆ ಮಂಕು ಹೊತ್ತವು. ಎಲ್ಲವೂ ಅಲ್ಲ, ಬೆಳಗಿನ ತಿಂಡಿ ತಿನ್ನದೆ ಬಂದ ಮಕ್ಕಳೂ ಅದರಲ್ಲಿರುತ್ತವೆ, ಅದನ್ನೂ ವಿಚಾರಿಸು.

ಈಗ ನೀರಿಗೇ ಬರೋಣ. ಚಿಲಕ ಬಂತು, ಬೀಗ ಹೋಯಿತು ಅಂತಿಟ್ಟುಕೋ. ನಿನ್ನ ಶಾಲೆಯ ನೀರು ಕುಡಿಯುವ ಹಾಗಿದೆಯೇ? ಮಧ್ಯಾಹ್ನ ಒಂದು ಗಂಟೆಗೆ ನೀನೇ ಹೋಗಿ ಮಕ್ಕಳ ನಲ್ಲಿಯಿಂದ ಒಂದು ಲೋಟ ಹಿಡಿದು ಕುಡಿದು ನೋಡು. ಮಾಳಿಗೆಯ ಮೇಲಿನ ಕಪ್ಪು ಸಿಂಟೆಕ್ಸ್ ಬೆಳಗಿನಿಂದ ಕಾದು, ಬಿಟ್ಟ ಕೂಡಲೇ ಬರುವ ನೀರಿನಲ್ಲಿ ಕೈ ಇಡಲಾಗುವುದಿಲ್ಲ, ಪ್ಲಾಸ್ಟಿಕ್ಕಿನ ವಾಸನೆ ಬೇರೆ. ದೊಡ್ಡವರು ನಾವು ಟೇಬಲ್ಲಿನ ಮೇಲೆ ನಮ್ಮ ಬಾಟಲಿ ಇಟ್ಟುಕೊಂಡಿರುತ್ತೇವೆ. ಒಂದನೇ ತರಗತಿಯ ಮಗು ಕುಡಿಯುವುದನ್ನು ಹತ್ತಿರ ನಿಂತು ನೋಡು. ನಲ್ಲಿ ಅದರ ಹಣೆಯ ಎತ್ತರಕ್ಕಿರುತ್ತದೆ. ತುದಿಗಾಲಲ್ಲಿ ನಿಂತು ಬೊಗಸೆ ಚಾಚುತ್ತದೆ. ನೀರು ಬೊಗಸೆಯಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಅಂಗಿಯ ತೋಳಿನೊಳಕ್ಕೆ. ಹಿಂದಿನವನು ತಳ್ಳುತ್ತಾನೆ. ಬಾಯಿಗೆ ಎರಡು ಗುಟುಕು ಹೋದರೆ ಹೆಚ್ಚು. ಅಂಗಿ ಒದ್ದೆಯಾದ ತಪ್ಪಿಗೆ ಮನೆಯಲ್ಲೋ ತರಗತಿಯಲ್ಲೋ ಬೈಗುಳ ಬಿದ್ದರೆ ನಾಳೆ ಆ ಎರಡು ಗುಟುಕೂ ಇಲ್ಲ. ಎರಡು ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿಸು, ಇಲ್ಲವೆ ಪ್ಲಂಬರ್‌ ಬಂದಾಗ ಒಂದು ನಲ್ಲಿಯನ್ನು ಕೆಳಗಿಳಿಸು. ಸ್ಟೀಲಿನ ಲೋಟಗಳಿರಲಿ. ಲೋಟ ಕಳೆದುಹೋಗುತ್ತವೆ ಅಂತ ಒಳಗಿಡಬೇಡಿ, ಕಳೆದುಹೋಗಲಿ.

ಮಡಕೆ ತರಿಸು ಪುಟ್ಟಿ. ಮಧುಗಿರಿ ಸಂತೆಯಲ್ಲೋ ನಿಮ್ಮ ಊರ ಕುಂಬಾರರ ಹತ್ತಿರವೋ ನಲ್ಲಿ ಕೂರಿಸಿದ ದೊಡ್ಡ ಮಡಕೆ ಸಿಕ್ಕೀತು, ತರಗತಿಗೊಂದು. ಮಣ್ಣಿನ ರಂಧ್ರಗಳಿಂದ ಒಸರಿದ ನೀರು ಆವಿಯಾಗುತ್ತ ಒಳಗಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ನಿಮ್ಮ ಕಡೆಯ ಒಣ ಗಾಳಿಗೆ ಅದು ಇನ್ನೂ ಚೆನ್ನಾಗಿ ತಣಿಯುತ್ತದೆ. ಮೂಲೆಯಲ್ಲಿ ಮರಳು ಹಾಸಿ ಕೂರಿಸು, ಮುಚ್ಚಳವಿರಲಿ, ದಿನಾ ಬೆಳಿಗ್ಗೆ ಒಳಗೆ ಉಜ್ಜಿ ತೊಳೆದು ತುಂಬಿಸಲಿ. ನಲ್ಲಿಯಿಲ್ಲದ ಮಡಕೆಯಾದರೆ ಹಿಡಿ ಉದ್ದನೆಯ ಸೌಟು ಬೇಕೇ ಬೇಕು, ಕೈ ಅದ್ದುವ ಹಾಗಿಲ್ಲ. ನೀರು ಕಣ್ಣಿಗೆ ಬೀಳುವ ಜಾಗದಲ್ಲಿ, ತಣ್ಣಗೆ, ಕೈಗೆಟುಕುವ ಹಾಗೆ ಇದ್ದರೆ ಮಕ್ಕಳು ತಾವಾಗಿಯೇ ಕುಡಿಯುತ್ತವೆ. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಸುಲಭವಾಗಿ ಫಲ ಕೊಟ್ಟ ಉಪಾಯ ಇನ್ನೊಂದಿಲ್ಲ.

ಆದರೆ ಮಡಕೆಗೆ ತುಂಬುವ ನೀರು ಯಾವುದು? ಇಲ್ಲಿ ನಿನ್ನ ತಾಲ್ಲೂಕಿನದೇ ಕಷ್ಟವಿದೆ. ಮಕ್ಕಳು ನಗುವಾಗ ಹಲ್ಲು ನೋಡು. ಮುಂದಿನ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟಿ, ಕಂದು ಕಲೆ ಕಂಡರೆ ಅದು ಉಜ್ಜದೆ ಬಂದ ಕೊಳೆಯಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡು. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯೆಲ್ಲ ಬೋರ್ ಆಳಕ್ಕೆ ಇಳಿದಷ್ಟೂ ಇದರ ಕಾಟ ಕಂಡಿದ್ದೇವೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಿನಲ್ಲಿ ಇನ್ನಷ್ಟು ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಇಂಥ ನೀರನ್ನು ಹೆಚ್ಚು ಕುಡಿ ಅಂತ ಮಕ್ಕಳಿಗೆ ಹೇಳುವುದು ತರವಲ್ಲ. ಗ್ರಾಮ ಪಂಚಾಯಿತಿಯಲ್ಲಿ ನಿಮ್ಮ ಶಾಲೆಗೆ ಬರುವ ನೀರಿನ ಪರೀಕ್ಷೆಯ ವರದಿ ಕೇಳು. ಜಲ ಜೀವನ್ ಮಿಷನ್ನಿನಲ್ಲಿ ಪ್ರತಿ ಊರಿಗೂ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ನೀರು ಪರೀಕ್ಷೆ ಕಲಿಸಬೇಕು ಅಂತಿದೆ, ನಿಮ್ಮ ಊರಿನಲ್ಲಿ ಅವರು ಯಾರು ಅಂತ ವಿಚಾರಿಸು. ಫ್ಲೋರೈಡು ಹೆಚ್ಚಿದ್ದರೆ ಊರ ಶುದ್ಧ ನೀರಿನ ಘಟಕದಿಂದ ಕ್ಯಾನು ತರಿಸುವುದೇ ದಾರಿ. ನೂರು ಮಕ್ಕಳು, ತಲೆಗೆ ಮುಕ್ಕಾಲು ಲೀಟರು ಅಂದರೆ ಇಪ್ಪತ್ತು ಲೀಟರಿನ ನಾಲ್ಕು ಕ್ಯಾನು. ಅದನ್ನು ಪಂಚಾಯಿತಿಯವರು ಪುಕ್ಕಟೆ ಕೊಡಲಿ, ಕೇಳುವುದಕ್ಕೆ ಸಂಕೋಚ ಬೇಡ. ಹೊತ್ತು ತರುವ ಕೆಲಸ ಮಾತ್ರ ಮಕ್ಕಳ ಮೇಲೆ ಬೀಳದ ಹಾಗೆ ನೋಡಿಕೋ. ನೀರುಗಂಟಿಯ ಜೊತೆ ಮಾತಾಡಿ ಗೊತ್ತು ಮಾಡು.

ಕೊಳಚೆ ಬೆರೆತಿದೆಯೋ ಇಲ್ಲವೋ ನೋಡಲು ಸಣ್ಣ ಸೀಸೆಗಳು ಸಿಗುತ್ತವೆ. ಗೆರೆಯವರೆಗೆ ನೀರು ತುಂಬಿಸಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಗಾಗುತ್ತದೆ. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ನಮ್ಮ ವಿಜ್ಞಾನಿಗಳು ರೂಪಿಸಿದ ಪರೀಕ್ಷೆ ಇದು. ನಿನ್ನ ಏಳನೇ ತರಗತಿಯ ಮಕ್ಕಳ ಕೈಯಲ್ಲೇ ಮಾಡಿಸು: ಮಡಕೆಯದೊಂದು, ಟ್ಯಾಂಕಿನದೊಂದು, ಅವರವರ ಮನೆಯ ಬಿಂದಿಗೆಯದೊಂದು. ಸೀಸೆ ಕಪ್ಪಗಾದ ದಿನ ವಿಜ್ಞಾನದ ಪಾಠವನ್ನು ಬೇರೆ ಮಾಡಬೇಕಿಲ್ಲ. ಟ್ಯಾಂಕು ತೊಳೆಸುವ ಅರ್ಜಿಯನ್ನೂ ಅವರಿಂದಲೇ ಬರೆಸು, ಕನ್ನಡ ಪಾಠವೂ ಆಯಿತು.

ಇನ್ನೊಂದು ವಿಷಯ. ಇದನ್ನು ಬರೆಯಲೇಬೇಕು. ಮಡಕೆ ಬಂದ ಮೇಲೆ ಯಾರು ಮುಟ್ಟುತ್ತಾರೆ, ಯಾರು ದೂರ ನಿಲ್ಲುತ್ತಾರೆ, ಯಾರಿಗೆ ಇನ್ನೊಬ್ಬರು ಮೇಲಿನಿಂದ ಹೊಯ್ಯುತ್ತಾರೆ ಅನ್ನುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡು. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರಿಗೆ ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಅವನಿಲ್ಲದ ದಿನ ಬಾಯಾರಿಕೆ. ಅದನ್ನವರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. ಆ ಹುಡುಗನೇ ಮುಂದೆ 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನರನ್ನು ಕರೆದುಕೊಂಡು ಹೋಗಿ ನೀರು ಕುಡಿದದ್ದು. ನೂರು ವರ್ಷ ಆಗುತ್ತ ಬಂತು. ಇವತ್ತು ಶಾಲೆಗಳಲ್ಲಿ ಯಾರೂ ಬಾಯಿಬಿಟ್ಟು ಮುಟ್ಟಬೇಡ ಅನ್ನುವುದಿಲ್ಲ. ಆದರೆ ಒಂದು ಮಗು ಯಾವಾಗಲೂ ಸಾಲಿನ ಕೊನೆಗೇ ನಿಲ್ಲುತ್ತದೆ, ಒಂದು ಮಗು ಮಡಕೆಗೆ ಕೈ ಹಾಕಿದರೆ ಇನ್ನೊಂದು ಸುಮ್ಮನೆ ಲೋಟ ಕೆಳಗಿಟ್ಟು ಹೋಗುತ್ತದೆ, ಮನೆಯಲ್ಲಿ ಕಲಿತು ಬಂದದ್ದು. ಎಂಜಲಿನ ಹೆಸರಿನಲ್ಲಿ ಎಷ್ಟೋ ಮಡಿ ನುಸುಳುತ್ತದೆ. ಅದಕ್ಕೇ ಮಡಕೆ ತೊಳೆದು ತುಂಬಿಸುವ, ಸೌಟು ಹಿಡಿದು ಬಡಿಸುವ ಸರದಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಾಕು, ಒಬ್ಬರನ್ನೂ ಬಿಡಬೇಡ. ನಿನ್ನ ಲೋಟಕ್ಕೂ ಆ ಮಕ್ಕಳೇ ಹೊಯ್ಯಲಿ, ಎಲ್ಲರೆದುರು ಕುಡಿ. ಯಾರಾದರೂ ತಂದೆ ತಾಯಿ ಬಂದು ಕೇಳಿದರೆ ಹೆದರಬೇಡ. ಈ ಒಂದು ವಿಷಯದಲ್ಲಿ ಹೊಂದಾಣಿಕೆ ಬೇಡ ಅಂತ ನಿನ್ನ ಚಿಕ್ಕಮ್ಮ ಹೇಳುತ್ತಿದ್ದಾಳೆ.

ಇಷ್ಟೆಲ್ಲ ಆದಮೇಲೆ ಗಂಟೆ. ಪೇಪರಿನಲ್ಲಿ ಓದಿ ನೀರಿನ ಗಂಟೆ ಹೊಡೆಸಲೇ ಅಂತ ಕೇಳಿದ್ದೀಯ. ಹೊಡೆಸು, ಒಳ್ಳೆಯದೇ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಶುರುವಾದ ಈ ಪದ್ಧತಿ ನೋಡನೋಡುತ್ತ ಎಲ್ಲ ಕಡೆ ಸುದ್ದಿಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಆಗಿನ ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ನಮ್ಮಲ್ಲೂ ಇದು ಬರಲಿ ಅಂದರು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಕೊರೊನಾ ಬಂದು ಶಾಲೆಗಳೇ ಮುಚ್ಚಿದವು. 2025ರಲ್ಲಿ ತಮಿಳುನಾಡು ಹನ್ನೊಂದು, ಒಂದು ಮತ್ತು ಮೂರು ಗಂಟೆಗೆ ನೀರಿನ ಗಂಟೆ ಅಂತ ಜಾರಿಗೆ ತಂದಿದೆ. ಗಂಟೆಯ ದೊಡ್ಡ ಗುಣ ಅಂದರೆ ಅದು ಎಲ್ಲರಿಗೂ ಒಟ್ಟಿಗೇ ಅನುಮತಿ ಕೊಡುತ್ತದೆ. ಎದ್ದು ಕೇಳುವ ನಾಚಿಕೆ ಇಲ್ಲ. ಆದರೆ ಕುಡಿದ ಮುಕ್ಕಾಲು ಗಂಟೆಗೆ ಕಿರುಬೆರಳುಗಳು ಏಳುತ್ತವೆ ಅನ್ನುವುದನ್ನು ಮೊದಲೇ ಸಹೋದ್ಯೋಗಿಗಳಿಗೆ ಹೇಳಿಟ್ಟಿರು. ಇಲ್ಲವಾದರೆ ಒಂದೇ ವಾರದಲ್ಲಿ ಪಾಠ ಕೆಡುತ್ತದೆ ಅಂತ ಗಂಟೆ ನಿಂತುಹೋಗುತ್ತದೆ.

ಫಲ ಎಷ್ಟು ಸಿಗುತ್ತದೆ ಅಂತಲೂ ಅಂದಾಜಿರಲಿ. ಜರ್ಮನಿಯ ಡಾರ್ಟ್‌ಮುಂಡ್, ಎಸೆನ್ ನಗರಗಳ ಬಡ ಬಡಾವಣೆಗಳ 32 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು, 2009ರಲ್ಲಿ ಅದರ ವರದಿ ಬಂತು. ಅರ್ಧದಷ್ಟು ಶಾಲೆಗಳಿಗೆ ತಣ್ಣೀರಿನ ಕಾರಂಜಿ ಹಾಕಿಸಿದರು, ಮಕ್ಕಳಿಗೆ ಬಾಟಲಿ ಕೊಟ್ಟರು, ನೀರಿನ ಬಗ್ಗೆ ನಾಲ್ಕು ಪಾಠ ಮಾಡಿದರು. ವರ್ಷದ ಕೊನೆಗೆ ಆ ಮಕ್ಕಳು ಉಳಿದವರಿಗಿಂತ ದಿನಕ್ಕೆ ಒಂದು ಲೋಟದ ಮೇಲೆ ಸ್ವಲ್ಪ ಹೆಚ್ಚು ನೀರು ಕುಡಿಯುತ್ತಿದ್ದರು. ತೂಕ ಮಿತಿಮೀರುವ ಅಪಾಯ ಸುಮಾರು ಶೇ. 31ರಷ್ಟು ಕಡಿಮೆಯಾಗಿತ್ತು. ಅಷ್ಟು ಅನುಕೂಲವಿದ್ದೂ ಹೆಚ್ಚಿದ್ದು ಒಂದೇ ಲೋಟ. ನಿನಗೂ ಈ ವರ್ಷ ಒಂದು ಲೋಟ ದಕ್ಕಿದರೆ ಬೇಜಾರು ಮಾಡಿಕೊಳ್ಳಬೇಡ, ಅದು ದೊಡ್ಡದೇ.

ಅತಿ ಮಾಡಬೇಡ ಅನ್ನುವುದನ್ನೂ ಹೇಳಿಬಿಡುತ್ತೇನೆ. ಯಾರು ಬೇಗ ಬಾಟಲಿ ಖಾಲಿ ಮಾಡುತ್ತಾರೋ ನೋಡೋಣ ಅಂತ ಪಂದ್ಯ ಇಡುವವರಿದ್ದಾರೆ. ಸಣ್ಣ ಮಕ್ಕಳು ಒಂದೇ ಸಲಕ್ಕೆ ವಿಪರೀತ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಅಪಾಯವಾದೀತು. ಮೂತ್ರಪಿಂಡದ, ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವ ಮಗುವಿದ್ದರೆ ಅದರ ನೀರಿನ ಲೆಕ್ಕ ವೈದ್ಯರು ಹೇಳಿದಷ್ಟೇ. ಕುಡಿಯದ ಮಗುವಿಗೆ ಶಿಕ್ಷೆ ಬೇಡ, ಕುಡಿದ ಮಗುವಿಗೆ ನಕ್ಷತ್ರವೂ ಬೇಡ. ಅದರ ಬದಲು ತಮ್ಮ ದೇಹವನ್ನು ತಾವೇ ಓದುವುದನ್ನು ಕಲಿಸು. ಬೆಳಗಿನ ಮೊದಲ ಮೂತ್ರ ಗಾಢವಾಗಿರುವುದು ಸಹಜ. ಮಧ್ಯಾಹ್ನದ್ದು ಒಣಹುಲ್ಲಿನ ತಿಳಿ ಹಳದಿ ಇದ್ದರೆ ಸರಿ, ಅರಿಸಿನದ ಬಣ್ಣಕ್ಕೆ ತಿರುಗಿದರೆ ನೀರು ಬೇಕು. ಮೊದಲ ದಿನ ಮಕ್ಕಳು ಮುಸಿಮುಸಿ ನಗುತ್ತವೆ. ನಗಲಿ. ನಾಚಿಕೆ ಬಿಟ್ಟು ಮಾತಾಡಲು ಆ ನಗುವೇ ದಾರಿ ಮಾಡಿಕೊಡುತ್ತದೆ, ಆಮೇಲೆ ಚಿಲಕ ಕಿತ್ತುಹೋದರೆ ಅವೇ ಬಂದು ಹೇಳುತ್ತವೆ.

ನಿನ್ನ ಅಪ್ಪ ಹುಣ್ಣಿಮೆಯ ನಂತರ ಆ ಕಡೆ ಬರುವವರಿದ್ದಾರೆ. ಅವರ ಕೈಯಲ್ಲಿ ಪರೀಕ್ಷೆಯ ಸೀಸೆಗಳನ್ನೂ ಎರಡು ಡಜನ್ ಸ್ಟೀಲ್ ಲೋಟಗಳನ್ನೂ ಕಳಿಸುತ್ತೇನೆ, ಚಿಲಕವನ್ನು ಅಲ್ಲೇ ಕೊಳ್ಳಿ, ಬಾಗಿಲಿನ ಅಳತೆ ನನಗೆ ಗೊತ್ತಿಲ್ಲ. ಜೊತೆಗೆ ಒಂದು ಡಬ್ಬಿ ಹುರಿಹಿಟ್ಟು ಇದೆ, ಅದು ನಿನಗೆ. ಪಂಚಾಯಿತಿಯವರು ಫ್ಲೋರೈಡು ಎಷ್ಟು ಅಂತ ಹೇಳಿದರು, ಹೆಣ್ಣುಮಕ್ಕಳ ಕಡೆಯ ಬಾಗಿಲು ಎಷ್ಟಿವೆ, ಎಷ್ಟಕ್ಕೆ ಒಳಗಿನಿಂದ ಹಾಕಿಕೊಳ್ಳಲು ಬರುತ್ತದೆ, ಇದಿಷ್ಟನ್ನು ಮರು ಟಪಾಲಿಗೆ ಬರಿ. ನೀನೂ ಬಿಸಿಲಲ್ಲಿ ಬಸ್ಸಿಗೆ ಕಾಯುವವಳು, ನಿನ್ನ ಬಾಟಲಿ ಸಂಜೆ ತುಂಬಿದ ಹಾಗೇ ಮನೆಗೆ ಹೋಗುತ್ತಿದೆಯೋ ಏನೋ, ಅದನ್ನೂ ಬರಿ.

ನಿನ್ನ,
ಚಿಕ್ಕಮ್ಮ